ಲಿನಕ್ಸ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್: ಡಬ್ಬ ಒಡೆಯುವ ಮುಂಚಿನಿಂದ ಕೊನೆಯ ಸ್ಕ್ರೂವರೆಗೆ

ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಎರಡು ವರ್ಷ ಕೂಡಿಟ್ಟ ದುಡ್ಡು ತೆಗೆದುಕೊಂಡು ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಎಎಂಡಿ ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ ಕಾರ್ಡ್ ತಂದ. ಅವತ್ತೇ ರಾತ್ರಿ ಹನ್ನೊಂದಕ್ಕೆ ಫೋನ್. "ಮಾವ, ಪರದೆ ಮೇಲೆ ಅಕ್ಷರ ಎಲ್ಲಾ ದಪ್ಪದಪ್ಪ ಕಾಣ್ತಿದೆ. ಕಿಟಕಿ ಎಳೆದ್ರೆ ತಡವರಿಸ್ತಾ ಬರುತ್ತೆ. ಕೆಟ್ಟ ಕಾರ್ಡ್ ತಂದ್ಬಿಟ್ನಾ?" ಅಳುವುದೊಂದೇ ಬಾಕಿ ಇತ್ತು ಹುಡುಗ.

ಕಾರ್ಡ್ ಚೆನ್ನಾಗಿಯೇ ಇತ್ತು. ಅವನ ಕಂಪ್ಯೂಟರಿನಲ್ಲಿದ್ದದ್ದು ಉಬುಂಟು 24.04. ಅದು 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದಾಗ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಹಾಕಿದ್ದ. ಹಾಸ್ಟೆಲಿನ ಇಂಟರ್ನೆಟ್ ನಿಧಾನ ಅಂತ ಆಮೇಲೆ ಒಮ್ಮೆಯೂ ಅಪ್‌ಡೇಟ್ ಮಾಡಿರಲಿಲ್ಲ. ಈ ಕಾರ್ಡ್ ಮಾರುಕಟ್ಟೆಗೆ ಬಂದದ್ದು 2025ರ ಜೂನ್‌ನಲ್ಲಿ. ಸಾಫ್ಟ್‌ವೇರ್ ಸಿದ್ಧವಾಗಿ 14 ತಿಂಗಳಾದ ಮೇಲೆ ಹುಟ್ಟಿದ ಕಾರ್ಡಿನ ಗುರುತು ಅದಕ್ಕೆ ಹೇಗೆ ಸಿಗಬೇಕು?

ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ತೊಂದರೆಗಳಲ್ಲಿ ನಾನು ಕಂಡ ಮುಕ್ಕಾಲು ಪಾಲು ಇಷ್ಟೇ: ಕಾರ್ಡ್ ಎಳೆಯದು, ವ್ಯವಸ್ಥೆ ಹಳೆಯದು. ಎರಡರ ವಯಸ್ಸನ್ನು ಮೊದಲೇ ಹೊಂದಿಸಿಕೊಂಡರೆ ಉಳಿದ ಕೆಲಸ ಒಂದು ಸಂಜೆಯದು. ಆ ಸಂಜೆಯ ಕೆಲಸವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಕಮಾಂಡ್‌ಗಳನ್ನು ಅವತ್ತು ಫೋನಿನಲ್ಲಿ ಅವನಿಗೆ ಹೇಳಿದ ಹಾಗೆಯೇ, ಬಾಯಲ್ಲಿ ಹೇಳುವ ರೂಪದಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.

ಡ್ರೈವರ್ ಎಂಬುದು ಒಂದಲ್ಲ, ಮೂರು

ವಿಂಡೋಸ್‌ನಿಂದ ಬಂದವರು ಮೊದಲು ಮಾಡುವ ಕೆಲಸ, ಕಂಪನಿಯ ಜಾಲತಾಣಕ್ಕೆ ಹೋಗಿ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹುಡುಕುವುದು. ಎಎಂಡಿ, ಇಂಟೆಲ್ ಕಾರ್ಡ್ ಆದರೆ ದಯವಿಟ್ಟು ಅದನ್ನು ಮಾಡಬೇಡಿ. ನಿಮಗೆ ಬೇಕಾದದ್ದು ನಿಮ್ಮ ಲಿನಕ್ಸ್ ಒಳಗೇ ಮೂರು ತುಂಡಾಗಿ ಇದೆ.

ಮೊದಲನೆಯದು ಕರ್ನಲ್ (ಲಿನಕ್ಸ್‌ನ ಮೂಲ ತಿರುಳು) ಒಳಗಿನ ಡ್ರೈವರ್. ಕಾರ್ಡಿಗೆ ವಿದ್ಯುತ್ ಎಷ್ಟು, ಫ್ಯಾನ್ ವೇಗ ಎಷ್ಟು, ಯಾವ ಮಾನಿಟರ್ ಎಷ್ಟು ರೆಸಲ್ಯೂಷನ್‌ನಲ್ಲಿ ಹೊತ್ತಬೇಕು ಎಂಬುದನ್ನು ನೋಡಿಕೊಳ್ಳುವುದು ಇದು. ಎಎಂಡಿಗೆ 'ಎಎಂಡಿಜಿಪಿಯು' (2015ರಲ್ಲಿ ಕರ್ನಲ್ 4.2ರೊಂದಿಗೆ ಸೇರಿತು), ಇಂಟೆಲ್‌ಗೆ 'ಐ915' ಮತ್ತು ಹೊಸ ಕಾರ್ಡ್‌ಗಳಿಗೆ 'ಎಕ್ಸ್‌ಇ', ಎನ್ವಿಡಿಯಾಗೆ ಸಮುದಾಯ ಬರೆದ 'ನೂವೋ' ಅಥವಾ ಕಂಪನಿಯದೇ 'ಎನ್ವಿಡಿಯಾ'.

ಎರಡನೆಯದು ಫರ್ಮ್‌ವೇರ್. ಇವತ್ತಿನ ಕಾರ್ಡಿನೊಳಗೆ ಪುಟ್ಟ ಪುಟ್ಟ ಪ್ರೊಸೆಸರ್‌ಗಳಿವೆ. ಕಂಪ್ಯೂಟರ್ ಶುರುವಾದಾಗಲೆಲ್ಲ ಕರ್ನಲ್ ಡ್ರೈವರ್ ಡಿಸ್ಕ್‌ನಿಂದ ಕೆಲವು ಕಡತಗಳನ್ನು ಓದಿ ಅವುಗಳಿಗೆ ತುಂಬುತ್ತದೆ. ಆ ಕಡತಗಳು 'ಲಿನಕ್ಸ್-ಫರ್ಮ್‌ವೇರ್' ಎಂಬ ಪ್ಯಾಕೇಜಿನಲ್ಲಿ ಬರುತ್ತವೆ. ಡೆಬಿಯನ್‌ನಲ್ಲಿ ಎಎಂಡಿಗೆ 'ಫರ್ಮ್‌ವೇರ್-ಎಎಂಡಿ-ಗ್ರಾಫಿಕ್ಸ್' ಎಂದು ಬೇರೆಯೇ ಪ್ಯಾಕೇಜ್ ಇದೆ.

ಮೂರನೆಯದು ಮೆಸಾ. ಗೇಮ್ ಇರಲಿ, ಬ್ಲೆಂಡರ್ ಇರಲಿ, ಬ್ರೌಸರ್ ಇರಲಿ, 'ಇಲ್ಲೊಂದು ತ್ರಿಕೋನ ಬರೆ' ಎಂದು ಓಪನ್‌ಜಿಎಲ್ ಅಥವಾ ವಲ್ಕನ್ ಭಾಷೆಯಲ್ಲಿ ಕೇಳುತ್ತದೆ. ಅದನ್ನು ಕಾರ್ಡಿಗೆ ಅರ್ಥವಾಗುವ ಭಾಷೆಗೆ ತರುವುದು ಮೆಸಾ. ಎನ್ವಿಡಿಯಾ ಕಂಪನಿಯ ಡ್ರೈವರ್ ಮಾತ್ರ ಈ ಕೆಲಸಕ್ಕೆ ತನ್ನದೇ ಲೈಬ್ರರಿಗಳನ್ನು ತರುತ್ತದೆ.

ಮೂರಕ್ಕೂ ಕಾರ್ಡಿನ ಪರಿಚಯ ಇರಬೇಕು. ಯಾವುದಕ್ಕೆ ಪರಿಚಯ ಇಲ್ಲ ಎಂಬುದು ಲಕ್ಷಣದಿಂದಲೇ ತಿಳಿಯುತ್ತದೆ, ಇದನ್ನು ನೆನಪಿಟ್ಟುಕೊಳ್ಳಿ. ಕರ್ನಲ್‌ಗೆ ಗೊತ್ತಿಲ್ಲದಿದ್ದರೆ ರೆಸಲ್ಯೂಷನ್ ಬದಲಾಯಿಸಲು ಬಿಡುವುದಿಲ್ಲ, ಎರಡನೇ ಮಾನಿಟರ್ ಹೊತ್ತುವುದಿಲ್ಲ. ಫರ್ಮ್‌ವೇರ್ ಇಲ್ಲದಿದ್ದರೆ ಬೂಟ್ ಆಗುವ ನಡುವೆಯೇ ಪರದೆ ಕಪ್ಪಾಗಿ ನಿಲ್ಲಬಹುದು. ಮೆಸಾ ಹಳೆಯದಾದರೆ ಪರದೆ ಚೆಂದವಾಗಿಯೇ ಬರುತ್ತದೆ, ಆದರೆ ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ; ಯೂಟ್ಯೂಬ್ ಹಾಕಿದರೂ ಅದರ ಫ್ಯಾನ್ ಅಬ್ಬರಿಸುತ್ತದೆ.

ಕೊಳ್ಳುವ ಮುಂಚೆ

ಟರ್ಮಿನಲ್ ತೆರೆದು 'ಯುನೇಮ್ ಹೈಫನ್ ಆರ್' ಕೊಡಿ. ನಿಮ್ಮ ಕರ್ನಲ್ ಆವೃತ್ತಿ ಕಾಣುತ್ತದೆ. ಆಮೇಲೆ ಕೊಳ್ಳಬೇಕೆಂದಿರುವ ಕಾರ್ಡ್ ಯಾವ ತಿಂಗಳು ಮಾರುಕಟ್ಟೆಗೆ ಬಂತು ನೋಡಿ.

ಇಂಟೆಲ್ ಆರ್ಕ್ 'ಎ' ಸರಣಿಯ ಕಾರ್ಡ್‌ಗಳು ವಿಶೇಷ ಹೊಂದಾಣಿಕೆಯಿಲ್ಲದೆ ತಾವಾಗಿ ಓಡಲು ಕರ್ನಲ್ 6.2 ಬೇಕು. 2024ರ ಡಿಸೆಂಬರ್‌ನಲ್ಲಿ ಬಂದ ಆರ್ಕ್ ಬಿ580ಗೆ 6.12 ಬೇಕು. ಎಎಂಡಿಯ 9000 ಸರಣಿಗೆ ಕರ್ನಲ್ 6.13ರ ನಂತರದ್ದು, ಮೆಸಾ 25.0 ಅಥವಾ ಅದಕ್ಕಿಂತ ಹೊಸದು ಇದ್ದರೆ ನೆಮ್ಮದಿ. ಈಗ ನಮ್ಮ ಕಡೆ ಏನಿದೆ ನೋಡೋಣ. ಡೆಬಿಯನ್ 12 ಬಂದದ್ದು ಕರ್ನಲ್ 6.1 ಮತ್ತು ಮೆಸಾ 22.3ರೊಂದಿಗೆ, ಮೇಲೆ ಹೇಳಿದ ಯಾವ ಕಾರ್ಡಿಗೂ ಅದು ಸಾಲದು. ಡೆಬಿಯನ್ 13ರಲ್ಲಿ 6.12 ಮತ್ತು 25.0 ಇವೆ, ತೀರ ಹೊಸ ಕಾರ್ಡ್ ಆದರೆ ಬ್ಯಾಕ್‌ಪೋರ್ಟ್ಸ್ (ಹೊಸ ಆವೃತ್ತಿಗಳನ್ನು ಇಡುವ) ಭಂಡಾರದಿಂದ ಕರ್ನಲ್ ಮತ್ತು ಫರ್ಮ್‌ವೇರ್ ಎರಡನ್ನೂ ತರಿಸಿಕೊಳ್ಳಬೇಕು. ಉಬುಂಟು 24.04 ಹುಟ್ಟಿದ್ದು 6.8ರೊಂದಿಗೆ, 2025ರ ಆಗಸ್ಟ್‌ನಲ್ಲಿ ಬಂದ 24.04.3ರಲ್ಲಿ ಅದು 6.14 ಆಯಿತು. ಹೆಸರು ಒಂದೇ 24.04, ಒಳಗೆ ಮಾತ್ರ ಅಜಗಜಾಂತರ. ಅಕ್ಕನ ಮಗ ಎಡವಿದ್ದು ಇಲ್ಲೇ. ಫೆಡೋರಾ, ಆರ್ಚ್ ಬಳಸುವವರಿಗೆ ಈ ಲೆಕ್ಕ ಬಹುಮಟ್ಟಿಗೆ ಬೇಡ, ಅವು ಸದಾ ಹೊಸ ಕರ್ನಲ್ ಜೊತೆಗೇ ಸಾಗುತ್ತವೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಲೆಕ್ಕ ತಿರುಗುಮುರುಗು. ಎಎಂಡಿ ಆರ್‌ಎಕ್ಸ್ 580 ಥರದ 2017ರ ಕಾರ್ಡ್ ಇವತ್ತಿನ ಯಾವ ಲಿನಕ್ಸ್‌ಗೆ ಹಾಕಿದರೂ ಕೈಹಚ್ಚದೆ ಓಡುತ್ತದೆ. ಎನ್ವಿಡಿಯಾದ ಜಿಟಿಎಕ್ಸ್ 10 ಸರಣಿ, ಅಂದರೆ 1050, 1060, 1080 ಇವೆಲ್ಲ, ಕಂಪನಿಯ 580ನೇ ಡ್ರೈವರ್ ಸರಣಿಗೆ ಕೊನೆ. ಅದರ ನಂತರದ ಡ್ರೈವರ್‌ಗಳು ಈ ಕಾರ್ಡ್‌ಗಳನ್ನು ಕೈಬಿಟ್ಟಿವೆ. ಇನ್ನೂ ಕೆಲವು ಕಾಲ ಓಡುತ್ತವೆ ನಿಜ, ಆದರೆ ದುಡ್ಡು ಕೊಡುವ ಮುಂಚೆ ಇದು ತಿಳಿದಿರಲಿ. ಹಳೆಯದೇ ಬೇಕೆಂದರೆ 2018ರ ನಂತರದ ಟ್ಯೂರಿಂಗ್ ಪೀಳಿಗೆ, ಅಂದರೆ ಜಿಟಿಎಕ್ಸ್ 16 ಅಥವಾ ಆರ್‌ಟಿಎಕ್ಸ್ 20 ಸರಣಿಯಿಂದ ಮೇಲಕ್ಕೆ ನೋಡಿ.

ಯಾವುದು ಕೊಳ್ಳಲಿ ಎಂದು ಕೇಳುವವರಿಗೆ ನನ್ನ ಉತ್ತರ ಹೀಗೆ. ಗೇಮ್, ವಿಡಿಯೋ, ದಿನದ ಕೆಲಸಕ್ಕಾದರೆ ಎಎಂಡಿ. ಯಂತ್ರಕಲಿಕೆಗೆ ಎನ್ವಿಡಿಯಾದ 'ಸಿಯುಡಿಎ' (ಕಾರ್ಡಿನಿಂದ ಲೆಕ್ಕಾಚಾರ ಮಾಡಿಸುವ ತಂತ್ರಾಂಶ) ಬೇಕೇ ಬೇಕು ಎನ್ನುವವರು ಎನ್ವಿಡಿಯಾ ಕೊಳ್ಳಿ, ಇನ್ನೊಂದಿಷ್ಟು ಕೆಲಸಕ್ಕೆ ಸಿದ್ಧರಾಗಿ. ಇಂಟೆಲ್ ಆರ್ಕ್ ಬೆಲೆಗೆ ಒಳ್ಳೆಯದು, ಆದರೆ ಮದರ್‌ಬೋರ್ಡಿನಲ್ಲಿ ರಿಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಮುಟ್ಟಲು ಬಿಡುವ) ಸೌಲಭ್ಯ ಇಲ್ಲದಿದ್ದರೆ ಅದರ ವೇಗ ಬಹಳ ಕುಸಿಯುತ್ತದೆ. ಹಳೆಯ ಮದರ್‌ಬೋರ್ಡ್ ಇರುವವರು ಅದರ ತಂಟೆಗೆ ಹೋಗಬೇಡಿ.

ಇನ್ನು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನೊಳಗೆ ವಿದ್ಯುತ್ ಹಂಚುವ ಪೆಟ್ಟಿಗೆ. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ 75 ವಾಟ್ ಕೊಡುತ್ತದೆ, 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ ಕೇಬಲ್ 150. 9060 ಎಕ್ಸ್‌ಟಿಯ 16 ಜಿಬಿ ಕಾರ್ಡ್ ಕುಡಿಯುವುದು 160 ವಾಟ್. ಅದಕ್ಕೆ 450 ವಾಟ್‌ನ ಒಳ್ಳೆಯ ಎಸ್‌ಎಂಪಿಎಸ್ ಸಾಕು. ಒಳ್ಳೆಯದು ಎಂಬ ಮಾತಿಗೆ ಒತ್ತು ಕೊಡುತ್ತೇನೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಮೇಲೆ ಎಷ್ಟೇ ದೊಡ್ಡ ಅಂಕಿ ಬರೆದಿದ್ದರೂ ಅದನ್ನು ನಂಬಿ ಇಷ್ಟು ಬೆಲೆಯ ಕಾರ್ಡ್ ಹಾಕಬೇಡಿ. ಎಸ್‌ಎಂಪಿಎಸ್‌ನಲ್ಲಿ 8 ಪಿನ್ ಕೇಬಲ್ ಇಲ್ಲ ಎಂದು ಹಾರ್ಡ್‌ಡಿಸ್ಕ್ ಕನೆಕ್ಟರ್‌ಗೆ ಅಡಾಪ್ಟರ್ ಸಿಕ್ಕಿಸುವುದಂತೂ ಬೇಡವೇ ಬೇಡ, ತಂತಿ ಕರಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಯುಪಿಎಸ್ ಮೇಲೂ ಒಂದು ಕಣ್ಣಿರಲಿ. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಹೊರುವುದು 360 ವಾಟ್ ಅಷ್ಟೇ. ಗೇಮ್ ನಡುವೆ ಕರೆಂಟ್ ಹೋದರೆ ಅದು ಕೂಗಿ ಕೈಬಿಡುತ್ತದೆ, ನೀವು ಕಾರ್ಡನ್ನು ಅನುಮಾನಿಸುತ್ತೀರಿ.

ಹಳೆಯ ಕಾರ್ಡ್ ಇರುವಾಗಲೇ ಮನೆ ಸಿದ್ಧಮಾಡಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಾದರೆ ಇದನ್ನು ಓದಿ. ಹೊಸ ಕಾರ್ಡ್ ಹಾಕಿ, ಪರದೆ ಕೆಟ್ಟು, ಆಮೇಲೆ ಅಪ್‌ಡೇಟ್ ಮಾಡಲು ಒದ್ದಾಡುವ ಬದಲು, ಹಳೆಯ ಕಾರ್ಡಿನಲ್ಲಿ ಅಥವಾ ಮದರ್‌ಬೋರ್ಡಿನ ಗ್ರಾಫಿಕ್ಸ್‌ನಲ್ಲಿ ಪರದೆ ಸರಿಯಾಗಿ ಕಾಣುತ್ತಿರುವಾಗಲೇ ಎಲ್ಲವನ್ನೂ ಹೊಸದು ಮಾಡಿಕೊಳ್ಳಿ.

ಮೊದಲು ಮುಖ್ಯವಾದ ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ. ನಂತರ 'ಸುಡೊ ಆಪ್ಟ್ ಅಪ್‌ಡೇಟ್', ಅದು ಮುಗಿದ ಮೇಲೆ 'ಸುಡೊ ಆಪ್ಟ್ ಫುಲ್-ಅಪ್‌ಗ್ರೇಡ್'. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಇದರಿಂದಲೇ ಸಾಮಾನ್ಯವಾಗಿ ಹೊಸ ಕರ್ನಲ್ ಬರುತ್ತದೆ. ಬರದಿದ್ದರೆ 'ಸುಡೊ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-24.04' ಕೊಡಿ. ಹೊಸ ಹಾರ್ಡ್‌ವೇರ್‌ಗೆಂದೇ ಉಬುಂಟು ಇಟ್ಟಿರುವ ಕರ್ನಲ್ ಸಾಲು ಅದು. ಲಿನಕ್ಸ್ ಮಿಂಟ್‌ನವರಿಗೆ ಟರ್ಮಿನಲ್ ಬೇಕಿಲ್ಲ. ಅಪ್‌ಡೇಟ್ ಮ್ಯಾನೇಜರ್‌ನ 'ವ್ಯೂ' ಮೆನುವಿನಲ್ಲಿ 'ಲಿನಕ್ಸ್ ಕರ್ನಲ್ಸ್' ತೆರೆದು ಆರಿಸಿಕೊಳ್ಳಬಹುದು. ರೀಬೂಟ್ ಮಾಡಿ, ಮತ್ತೆ 'ಯುನೇಮ್ ಹೈಫನ್ ಆರ್'. ಅಂಕಿ ಮೇಲೇರಿದೆಯೇ ಎಂದು ಕಣ್ಣಿಂದ ನೋಡಿಯೇ ಮುಂದಕ್ಕೆ ಹೋಗಿ.

ಎನ್ವಿಡಿಯಾ ತೆಗೆದು ಎಎಂಡಿ ಹಾಕುವವರು ಎನ್ವಿಡಿಯಾ ಪ್ಯಾಕೇಜುಗಳನ್ನು ಈಗಲೇ ತೆಗೆಯಬೇಕು. ಹಿಂದೆ ಯಾವಾಗಲೋ ಎನ್ವಿಡಿಯಾ ಸೆಟ್ಟಿಂಗ್ಸ್ ಬರೆದಿಟ್ಟ 'ಎಕ್ಸ್ಆರ್ಗ್ ಡಾಟ್ ಕಾನ್ಫ್' ಕಡತ 'ಈಟಿಸಿ' ಕೆಳಗಿನ 'ಎಕ್ಸ್11' ಫೋಲ್ಡರಿನಲ್ಲಿ ಉಳಿದಿದ್ದರೆ ಅದರ ಹೆಸರು ಬದಲಿಸಿ ಪಕ್ಕಕ್ಕಿಡಿ. ಈ ಒಂದು ಕಡತದಿಂದ ಅರ್ಧ ದಿನ ಕಳೆದುಕೊಂಡವರನ್ನು ಬಲ್ಲೆ.

ಇನ್ನೊಂದು ಮುಂಜಾಗ್ರತೆ, ಬಹಳ ಜನ ಮಾಡದಿರುವುದು: 'ಸುಡೊ ಆಪ್ಟ್ ಇನ್‌ಸ್ಟಾಲ್ ಓಪನ್‌ಎಸ್‌ಎಸ್‌ಎಚ್-ಸರ್ವರ್'. ಕಂಪ್ಯೂಟರಿನ ಐಪಿ ವಿಳಾಸ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್‌ನಿಂದಲೋ ಮೊಬೈಲಿನ ಎಸ್‌ಎಸ್‌ಎಚ್ ಆ್ಯಪ್‌ನಿಂದಲೋ ಒಮ್ಮೆ ಒಳಹೊಕ್ಕು ಪರೀಕ್ಷಿಸಿ. ನಾಳೆ ಪರದೆ ಪೂರ್ತಿ ಕಪ್ಪಾದರೂ ಒಳಗೆ ಯಂತ್ರ ಜೀವಂತವಾಗಿಯೇ ಇರುತ್ತದೆ. ಈ ಹಿತ್ತಲ ಬಾಗಿಲಿನಿಂದ ಹೋಗಿ ರಿಪೇರಿ ಮಾಡಬಹುದು.

ಕಾರ್ಡ್ ಕೂರಿಸುವುದು

ಷಟ್‌ಡೌನ್ ಮಾಡಿ, ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆರಿಸಿ, ಪವರ್ ಬಟನ್ ಒಮ್ಮೆ ಒತ್ತಿಹಿಡಿದು ಉಳಿದ ವಿದ್ಯುತ್ ಬರಿದುಮಾಡಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ, ಆಮೇಲೆ ಕಾರ್ಡ್ ಮುಟ್ಟಿ. ಸ್ಲಾಟಿನ ತುದಿಯ ಕೊಂಡಿ ಕ್ಲಿಕ್ ಎನ್ನುವವರೆಗೆ ಕಾರ್ಡ್ ಒತ್ತಿ. ಪವರ್ ಕೇಬಲ್ ಪೂರ್ತಿ ಒಳಗೆ ಕೂರಲಿ. ಎನ್ವಿಡಿಯಾದ ದೊಡ್ಡ ಕಾರ್ಡ್‌ಗಳ 16 ಪಿನ್ ಕನೆಕ್ಟರ್ ಅರೆಬರೆ ಕೂತರೆ ಕಾದು ಕರಗುವ ಅಪಾಯ ನಿಜವಾದದ್ದು. ಎರಡು 8 ಪಿನ್ ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಕೇಬಲ್ ಎಳೆಯಿರಿ.

ಮಾನಿಟರ್ ಕೇಬಲನ್ನು ಹೊಸ ಕಾರ್ಡಿನ ಪೋರ್ಟ್‌ಗೆ ಹಾಕಿ. ಮದರ್‌ಬೋರ್ಡಿನ ಪೋರ್ಟ್‌ನಲ್ಲೇ ಬಿಟ್ಟು, ಗೇಮ್ ಆಮೆಯಂತೆ ಓಡುತ್ತದೆ ಎಂದು ದೂರುವವರು ಒಬ್ಬಿಬ್ಬರಲ್ಲ.

ಕ್ಯಾಬಿನೆಟ್ಟಿನ ಪಕ್ಕದ ಬಾಗಿಲಿಗೆ ಸ್ಕ್ರೂ ಈಗಲೇ ಹಾಕಬೇಡಿ, ಬರೀ ಒರಗಿಸಿಡಿ.

ಬಯೋಸ್‌ನಲ್ಲಿ ಎರಡು ಸೌಲಭ್ಯ ಹುಡುಕಿ: 'ಎಬೋವ್ 4ಜಿ ಡಿಕೋಡಿಂಗ್' ಮತ್ತು 'ರಿಸೈಜಬಲ್ ಬಾರ್'. ಎರಡನ್ನೂ ಚಾಲೂ ಮಾಡಿ. ಇದಕ್ಕೆ ಕೆಲವು ಬೋರ್ಡ್‌ಗಳಲ್ಲಿ 'ಸಿಎಸ್‌ಎಂ' (ಹಳೆಯ ವಿಧಾನದ ಬೂಟ್‌ಗೆ ಇರುವ ಸೌಲಭ್ಯ) ಆಫ್ ಮಾಡಬೇಕಾಗುತ್ತದೆ. ಅದನ್ನು ಆಫ್ ಮಾಡುವ ಮುಂಚೆ ಲಿನಕ್ಸ್ ಒಳಗೆ 'ಸಿಸ್' ಫೋಲ್ಡರ್ ಕೆಳಗಿನ 'ಫರ್ಮ್‌ವೇರ್' ಒಳಗೆ 'ಇಎಫ್‌ಐ' ಎಂಬ ಫೋಲ್ಡರ್ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಲಿನಕ್ಸ್ ಹಳೆಯ ಲೆಗಸಿ ವಿಧಾನದಲ್ಲಿ ಕೂತಿದೆ, ಸಿಎಸ್‌ಎಂ ಆಫ್ ಮಾಡಿದರೆ ಬೂಟ್ ಆಗುವುದಿಲ್ಲ.

ಮೊದಲ ಬೂಟ್: ಪರದೆ ಬಂತೆಂದು ನಂಬಬೇಡಿ, ಕೇಳಿ ನೋಡಿ

ಎಎಂಡಿ, ಇಂಟೆಲ್ ಆದರೆ ಈಗ ಏನನ್ನೂ ಹಾಕುವುದಿಲ್ಲ. ಬರೀ ಮೂರು ಪ್ರಶ್ನೆ ಕೇಳುತ್ತೇವೆ, ಮೂರು ತುಂಡುಗಳಿಗೆ ಒಂದೊಂದು.

ಕರ್ನಲ್‌ಗೆ: 'ಎಲ್‌ಎಸ್‌ಪಿಸಿಐ ಹೈಫನ್ ಎನ್‌ಎನ್‌ಕೆ'. ಉದ್ದನೆಯ ಪಟ್ಟಿಯಲ್ಲಿ 'ವಿಜಿಎ' ಎಂದಿರುವ ಸಾಲು ಹುಡುಕಿ. ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲಿನಲ್ಲಿ 'ಎಎಂಡಿಜಿಪಿಯು' ಅಥವಾ 'ಎಕ್ಸ್‌ಇ' ಅಥವಾ 'ಐ915' ಇರಬೇಕು. ಕಾರ್ಡಿನ ಹೆಸರು ಬರದೆ ಬರೀ ಅಂಕಿ ಬಂದರೆ ಗಾಬರಿ ಬೇಡ, ಹೆಸರಿನ ಪಟ್ಟಿ ಹಳೆಯದು ಅಷ್ಟೇ. ಆದರೆ 'ಇನ್ ಯೂಸ್' ಸಾಲೇ ಇಲ್ಲದಿದ್ದರೆ ಕರ್ನಲ್‌ಗೆ ಕಾರ್ಡ್ ಗೊತ್ತಿಲ್ಲ ಎಂದರ್ಥ. ವಿಜಿಎ ಸಾಲಿನಲ್ಲಿ ಹೊಸ ಕಾರ್ಡಿನ ಸುಳಿವೇ ಇಲ್ಲದಿದ್ದರೆ ದೋಷ ಸಾಫ್ಟ್‌ವೇರಿನದಲ್ಲ. ಕಾರ್ಡ್ ಸರಿಯಾಗಿ ಕೂತಿಲ್ಲ ಅಥವಾ ಪವರ್ ಕೇಬಲ್ ಬಿಟ್ಟಿದೆ.

ಫರ್ಮ್‌ವೇರ್‌ಗೆ: 'ಸುಡೊ ಡಿಮೆಸೇಜ್' ಕೊಟ್ಟು, ಅಂದರೆ ಡಿ-ಎಂ-ಇ-ಎಸ್-ಜಿ, ಬಂದ ಪಠ್ಯದಲ್ಲಿ 'ಫರ್ಮ್‌ವೇರ್' ಪದ ಹುಡುಕಿ. 'ಫೇಲ್ಡ್ ಟು ಲೋಡ್' ಎಂದೋ 'ಎರರ್ -2' ಎಂದೋ ಇದ್ದರೆ ಕಡತ ಡಿಸ್ಕ್‌ನಲ್ಲಿ ಸಿಗಲಿಲ್ಲ ಎಂದರ್ಥ. ಫರ್ಮ್‌ವೇರ್ ಪ್ಯಾಕೇಜ್ ಹೊಸದು ಮಾಡಿ, 'ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಹೈಫನ್ ಯು' ಕೊಟ್ಟು ರೀಬೂಟ್ ಮಾಡಿ. ಈ ಎರಡನೇ ಕಮಾಂಡ್ ಮರೆಯಬೇಡಿ, ಬೂಟ್ ಆಗುವಾಗ ಬಳಕೆಯಾಗುವ ಪುಟ್ಟ ಕಟ್ಟಿನೊಳಗೆ ಹೊಸ ಕಡತ ಸೇರುವುದು ಅದರಿಂದ.

ಮೆಸಾಗೆ: 'ಮೆಸಾ-ಯುಟಿಲ್ಸ್' ಪ್ಯಾಕೇಜ್ ಹಾಕಿ 'ಜಿಎಲ್‌ಎಕ್ಸ್‌ಇನ್ಫೋ ಹೈಫನ್ ದೊಡ್ಡ ಬಿ' ಕೊಡಿ. 'ಓಪನ್‌ಜಿಎಲ್ ರೆಂಡರರ್' ಸಾಲಿನಲ್ಲಿ ನಿಮ್ಮ ಕಾರ್ಡಿನ ಹೆಸರಿದ್ದರೆ ಗೆದ್ದಿರಿ. 'ಎಲ್‌ಎಲ್‌ವಿಎಂಪೈಪ್' ಎಂದಿದ್ದರೆ ಕಾರ್ಡ್ ಸುಮ್ಮನೆ ಕೂತಿದೆ, ಪ್ರೊಸೆಸರ್ ಬೆವರು ಸುರಿಸುತ್ತಿದೆ. ಗೇಮ್ ಆಡುವವರು 'ವಲ್ಕನ್-ಟೂಲ್ಸ್' ಹಾಕಿ 'ವಲ್ಕನ್‌ಇನ್ಫೋ ಹೈಫನ್ ಹೈಫನ್ ಸಮ್ಮರಿ' ಕೂಡ ನೋಡಿ. ಎಎಂಡಿಯಾದರೆ ಅಲ್ಲಿ 'ಆರ್‌ಎಡಿವಿ' ಎಂಬ ಹೆಸರು ಕಾಣಬೇಕು.

ಅಕ್ಕನ ಮಗನಿಗೆ ಅವತ್ತು ಮೊದಲ ಪ್ರಶ್ನೆಯಲ್ಲೇ ಉತ್ತರ ಸಿಕ್ಕಿತು, 'ಇನ್ ಯೂಸ್' ಸಾಲು ಇರಲಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಪೂರ್ತಿ ಅಪ್‌ಗ್ರೇಡ್ ಮಾಡಿಸಿದೆ. ಇಳಿಯಲು ಒಂದೂವರೆ ಗಂಟೆ ಹಿಡಿಯಿತು. ಕರ್ನಲ್ 6.8 ಹೋಗಿ 6.14 ಬಂತು, ಮೆಸಾ ಅದರ ಜೊತೆಗೇ ಹೊಸದಾಯಿತು. ರೀಬೂಟ್ ಆದಾಗ ಅವನು ಮಾತೇ ಆಡಲಿಲ್ಲ, ಉಸಿರು ಬಿಟ್ಟದ್ದು ಮಾತ್ರ ಕೇಳಿಸಿತು.

ಎನ್ವಿಡಿಯಾ ದಾರಿ

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಬಹಳ ವರ್ಷ ಎನ್ವಿಡಿಯಾ ತನ್ನ ಡ್ರೈವರ್‌ನ ಒಳಗುಟ್ಟು ಬಿಟ್ಟುಕೊಡಲಿಲ್ಲ. ಸ್ವಯಂಸೇವಕರು ಕಾರ್ಡಿನ ವರ್ತನೆ ನೋಡಿ ನೋಡಿ ತಾವೇ 'ನೂವೋ' ಬರೆದರು. ಅವರ ಶ್ರಮದ ಬಗ್ಗೆ ನನಗೆ ಅಪಾರ ಗೌರವ. ಆದರೆ ಅನೇಕ ಕಾರ್ಡ್‌ಗಳಲ್ಲಿ ನೂವೋಗೆ ವೇಗ ಏರಿಸುವ ಕೀಲಿ ಸಿಗಲೇ ಇಲ್ಲ, ಕಾರ್ಡ್ ಬೂಟ್ ಆದಾಗಿನ ನಿಧಾನಗತಿಯಲ್ಲೇ ಉಳಿಯುತ್ತಿತ್ತು. 2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಕರ್ನಲ್ ಮಾಡ್ಯೂಲಿನ (ಕರ್ನಲ್‌ಗೆ ಸೇರಿಕೊಳ್ಳುವ ಡ್ರೈವರ್ ತುಂಡಿನ) ಮೂಲವನ್ನು ಮುಕ್ತ ಪರವಾನಗಿಯಲ್ಲಿ ತೆರೆಯಿತು. ಟ್ಯೂರಿಂಗ್ ಮತ್ತು ಅದರ ನಂತರದ ಕಾರ್ಡ್‌ಗಳಿಗೆ ಅದು ಆಗುತ್ತದೆ. ಆರ್‌ಟಿಎಕ್ಸ್ 50 ಸರಣಿಗೆ ಆ ಮುಕ್ತ ಮಾಡ್ಯೂಲ್ ಒಂದೇ ದಾರಿ, ಹಳೆಯ ಮುಚ್ಚಿದ ಮಾಡ್ಯೂಲ್ ಆ ಕಾರ್ಡನ್ನು ಎತ್ತುವುದೇ ಇಲ್ಲ. ಮೇಲಿನ ಲೈಬ್ರರಿಗಳು ಮಾತ್ರ ಇಂದಿಗೂ ಮುಚ್ಚಿದವೇ.

ಉಬುಂಟುವಿನಲ್ಲಿ 'ಅಡಿಷನಲ್ ಡ್ರೈವರ್ಸ್' ತೆರೆಯಿರಿ, ಅಥವಾ 'ಉಬುಂಟು-ಡ್ರೈವರ್ಸ್ ಡಿವೈಸಸ್' ಕೊಡಿ. ಪಟ್ಟಿಯಲ್ಲಿ 'ರೆಕಮೆಂಡೆಡ್' ಎಂದಿರುವುದನ್ನು ನೋಡಿ. 50 ಸರಣಿಗೆ 570 ಅಥವಾ ಅದಕ್ಕಿಂತ ಮೇಲಿನ, ಹೆಸರಿನ ಕೊನೆಯಲ್ಲಿ 'ಓಪನ್' ಎಂದಿರುವುದನ್ನೇ ಆರಿಸಿ. ಕಪ್ಪು ಪರದೆಗೆ ಬಹುಪಾಲು ಕಾರಣ ಈ ಒಂದು ಪದ ಬಿಟ್ಟುಹೋಗುವುದು. ಫೆಡೋರಾದವರು ಆರ್‌ಪಿಎಂ ಫ್ಯೂಷನ್ ಭಂಡಾರ ಸೇರಿಸಿ 'ಎಕೆಮಾಡ್-ಎನ್ವಿಡಿಯಾ' ಹಾಕಬೇಕು. ಅದು ಹಾಕಿದ ಕೂಡಲೇ ರೀಬೂಟ್ ಮಾಡಬೇಡಿ. ಹಿಂದೆ ಸದ್ದಿಲ್ಲದೆ ಮಾಡ್ಯೂಲ್ ಕಟ್ಟುವ ಕೆಲಸ ಐದು ನಿಮಿಷ ನಡೆಯುತ್ತದೆ. 'ಮಾಡ್‌ಇನ್ಫೋ ಹೈಫನ್ ದೊಡ್ಡ ಎಫ್ ವರ್ಷನ್ ಎನ್ವಿಡಿಯಾ' ಕೊಟ್ಟಾಗ ಅಂಕಿ ಬಂದ ಮೇಲೆ ರೀಬೂಟ್. ಡೆಬಿಯನ್‌ನಲ್ಲಿ ಭಂಡಾರದ ಸಾಲಿಗೆ 'ಕಾಂಟ್ರಿಬ್', 'ನಾನ್-ಫ್ರೀ' ಮತ್ತು 'ನಾನ್-ಫ್ರೀ-ಫರ್ಮ್‌ವೇರ್' ಸೇರಿಸಿ 'ಎನ್ವಿಡಿಯಾ-ಡ್ರೈವರ್' ಹಾಕಬಹುದು, ಆದರೆ ಆವೃತ್ತಿ ನಿಮ್ಮ ಕಾರ್ಡಿಗೆ ಸಾಕೇ ಎಂದು ಮೊದಲು ನೋಡಿ.

ಎನ್ವಿಡಿಯಾ ಜಾಲತಾಣದಲ್ಲಿ '.ರನ್' ಎಂದು ಕೊನೆಯಾಗುವ ಕಡತ ಸಿಗುತ್ತದೆ. ಮನೆಯ ಕಂಪ್ಯೂಟರಿಗೆ ಅದನ್ನು ಹಾಕಬೇಡಿ. ಅದು ಪ್ಯಾಕೇಜ್ ವ್ಯವಸ್ಥೆಯ ಲೆಕ್ಕಕ್ಕೆ ಸಿಗದಂತೆ ಕಡತಗಳನ್ನು ಹರಡುತ್ತದೆ, ಮುಂದಿನ ಅಪ್‌ಡೇಟ್‌ನಲ್ಲಿ ಎರಡೂ ಗುದ್ದಾಡುತ್ತವೆ.

ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಇನ್ನೊಂದು ಹೆಜ್ಜೆ. ಇದೆಯೇ ಎಂದು ತಿಳಿಯಲು 'ಮಾಕ್‌ಯುಟಿಲ್ ಹೈಫನ್ ಹೈಫನ್ ಎಸ್‌ಬಿ-ಸ್ಟೇಟ್'. ಸೆಕ್ಯೂರ್ ಬೂಟ್‌ನಲ್ಲಿ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಉಬುಂಟು ತಾನೇ ಸಹಿ ಹಾಕಿದ ಮಾಡ್ಯೂಲ್ ಕೊಟ್ಟಾಗ ನಿಮಗೆ ಏನೂ ಕೆಲಸವಿಲ್ಲ. ಡಿಕೆಎಂಎಸ್ (ಪ್ರತಿ ಕರ್ನಲ್‌ಗೂ ಮಾಡ್ಯೂಲನ್ನು ತಾನೇ ಕಟ್ಟುವ ವ್ಯವಸ್ಥೆ) ಮೂಲಕ ನಿಮ್ಮ ಕಂಪ್ಯೂಟರಿನಲ್ಲೇ ಕಟ್ಟಿದಾಗ ಮಾತ್ರ ಅದು ಒಂದು ಗುಪ್ತಪದ ಕೇಳುತ್ತದೆ. ಸರಳವಾದದ್ದನ್ನು ಕೊಟ್ಟು ಬರೆದಿಡಿ. ರೀಬೂಟ್ ಆದಾಗ ನೀಲಿ ಪರದೆಯಲ್ಲಿ 'ಮಾಕ್ ಮ್ಯಾನೇಜ್‌ಮೆಂಟ್' ಎಂದು ಬಂದು, ಹತ್ತು ಸೆಕೆಂಡು ಕಾದು ಮುಂದೆ ಹೋಗಿಬಿಡುತ್ತದೆ. ಚಹಾ ತರಲು ಎದ್ದು ಹೋದವರು ಇದನ್ನು ಕಾಣುವುದೇ ಇಲ್ಲ. ಕೂಡಲೇ ಒಂದು ಕೀಲಿ ಒತ್ತಿ, 'ಎನ್‌ರೋಲ್ ಮಾಕ್', 'ಕಂಟಿನ್ಯೂ', 'ಯೆಸ್' ಎಂದು ಹೋಗಿ, ಆ ಗುಪ್ತಪದ ಕೊಟ್ಟು ರೀಬೂಟ್ ಮಾಡಿ. ತಪ್ಪಿಹೋದರೆ 'ಮಾಕ್‌ಯುಟಿಲ್ ಹೈಫನ್ ಹೈಫನ್ ಇಂಪೋರ್ಟ್' ಮೂಲಕ ಕೀಲಿಯನ್ನು ಮತ್ತೆ ಸೇರಿಸಲು ಕೇಳಬೇಕು.

ಕೊನೆಗೆ 'ಎನ್ವಿಡಿಯಾ-ಎಸ್‌ಎಂಐ' ಕೊಡಿ. ಕಾರ್ಡಿನ ಹೆಸರು, ಉಷ್ಣತೆ, ಮೆಮೊರಿ ತೋರಿಸುವ ಚೌಕ ಬಂದರೆ ಎಲ್ಲ ಸರಿ. ಡ್ರೈವರ್ ಜೊತೆ ಮಾತಾಡಲಾಗಲಿಲ್ಲ ಎಂಬ ಸಂದೇಶ ಬಂದರೆ ಮಾಡ್ಯೂಲ್ ಏರಿಲ್ಲ; ಸೆಕ್ಯೂರ್ ಬೂಟ್ ಸಹಿಯನ್ನೇ ಮೊದಲು ಅನುಮಾನಿಸಿ.

ಪರದೆ ಕಪ್ಪಾದರೆ

ಕೂಡಲೇ ಪವರ್ ಬಟನ್ ಒತ್ತಬೇಡಿ. ಎರಡು ನಿಮಿಷ ಕಾಯಿರಿ. 'ಕಂಟ್ರೋಲ್, ಆಲ್ಟ್, ಎಫ್3' ಮೂರನ್ನೂ ಒಟ್ಟಿಗೆ ಒತ್ತಿ. ಬರೀ ಅಕ್ಷರಗಳ ಲಾಗಿನ್ ಬಂದರೆ ಅಲ್ಲಿಂದಲೇ ರಿಪೇರಿ ಮಾಡಬಹುದು. ಬರದಿದ್ದರೆ ಎಸ್‌ಎಸ್‌ಎಚ್ ಮೂಲಕ ಹೋಗಿ.

ಅದೂ ಆಗದಿದ್ದರೆ ರೀಬೂಟ್ ಮಾಡಿ, ಗ್ರಬ್ ಮೆನು (ಯಾವುದನ್ನು ಬೂಟ್ ಮಾಡಬೇಕೆಂದು ಕೇಳುವ ಪಟ್ಟಿ) ಬರಲು 'ಎಸ್ಕೇಪ್' ತಟ್ಟುತ್ತಿರಿ. ಮೆನುವಿನ 'ಅಡ್ವಾನ್ಸ್‌ಡ್ ಆಪ್ಷನ್ಸ್' ಒಳಗೆ ಹಳೆಯ ಕರ್ನಲ್ ಇರುತ್ತದೆ. ನಿನ್ನೆ ಸರಿಯಿದ್ದು ಇವತ್ತು ಕೆಟ್ಟಿದ್ದರೆ ಅದನ್ನೇ ಮೊದಲು ಪ್ರಯತ್ನಿಸಿ. ಇಲ್ಲವಾದರೆ ಮೇಲಿನ ಸಾಲಿನ ಮೇಲೆ ನಿಂತು 'ಇ' ಒತ್ತಿ. 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು 'ನೋಮೋಡ್‌ಸೆಟ್' ಸೇರಿಸಿ 'ಎಫ್10' ಒತ್ತಿ. ಡ್ರೈವರ್‌ಗಳನ್ನು ಬದಿಗಿಟ್ಟು ಸಾದಾ ಪರದೆಯಲ್ಲಿ ಬೂಟ್ ಆಗುತ್ತದೆ, ಒಳಗೆ ಹೋಗಿ ಅಪ್‌ಡೇಟ್ ಮಾಡಿ, ಎನ್ವಿಡಿಯಾ ಆದರೆ ಡ್ರೈವರ್ ತೆಗೆದು ಮತ್ತೆ ಹಾಕಿ.

ನೋಮೋಡ್‌ಸೆಟ್ ಒಂದು ಊರುಗೋಲು. ಹೀಗೆ ಸೇರಿಸಿದ್ದು ಆ ಒಂದು ಬೂಟ್‌ಗೆ ಮಾತ್ರ, ಅಷ್ಟಕ್ಕೇ ಇರಲಿ. ಅದರಿಂದ ಪರದೆ ಬಂತೆಂದು ಗ್ರಬ್ ಕಡತದಲ್ಲಿ ಕಾಯಂ ಬರೆದಿಟ್ಟವರ ಕಂಪ್ಯೂಟರ್‌ಗಳನ್ನು ನಾನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ. ಅದು ಇರುವಷ್ಟು ದಿನ ಎಎಂಡಿಜಿಪಿಯು ಏಳುವುದೇ ಇಲ್ಲ, ಕಾರ್ಡ್ ಕೊಂಡೂ ಇಲ್ಲದಂತೆ.

ಯಾವ ಹಂತದಲ್ಲೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ರೀಬೂಟ್ ಮಾಡಿ ನೋಡಿ, ಏನು ಮಾಡಿದಿರಿ ಎಂದು ಬರೆದಿಟ್ಟುಕೊಳ್ಳಿ. ಐದು ಕಮಾಂಡ್ ಒಟ್ಟಿಗೆ ಅಂಟಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು, ಎರಡೂ ತಿಳಿಯುವುದಿಲ್ಲ.

ಉಳಿದ ಚೂರುಪಾರು

ವಿಡಿಯೋ ನೋಡುವಾಗ ಕಾರ್ಡ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು 'ವಿಎಇನ್ಫೋ' ಹಾಕಿ ನೋಡಿ. ಫೆಡೋರಾ ಪೇಟೆಂಟ್ ಕಾರಣಕ್ಕೆ ಎಚ್264 ಮುಂತಾದ ವಿಡಿಯೋ ಬಗೆಗಳ ಸೌಲಭ್ಯವನ್ನು ಮೆಸಾದಿಂದ ತೆಗೆದಿದೆ. ಎಎಂಡಿ ಕಾರ್ಡಿನವರು ಆರ್‌ಪಿಎಂ ಫ್ಯೂಷನ್‌ನ 'ಫ್ರೀವರ್ಲ್ಡ್' ಪ್ಯಾಕೇಜ್ ತರಿಸಬೇಕು. ಎರಡು ಗ್ರಾಫಿಕ್ಸ್ ಇರುವ ಕಂಪ್ಯೂಟರಿನಲ್ಲಿ ಗೇಮ್ ತಪ್ಪು ಕಾರ್ಡಿನಲ್ಲಿ ಓಡುತ್ತಿದ್ದರೆ, ಮೆಸಾ ಬಳಸುವ ಕಾರ್ಡಿಗೆ 'ಡಿಆರ್‌ಐ_ಪ್ರೈಮ್=1' ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಕಮಾಂಡಿನ ಮುಂದೆ ಸೇರಿಸಿ ಓಡಿಸಿ. ಎಎಂಡಿಯಲ್ಲಿ ರಾಕ್‌ಎಂ ಮೂಲಕ ಲೆಕ್ಕಾಚಾರದ ಕೆಲಸ ಮಾಡುವವರು ತಮ್ಮ ಬಳಕೆದಾರ ಹೆಸರನ್ನು 'ರೆಂಡರ್' ಮತ್ತು 'ವಿಡಿಯೋ' ಗುಂಪುಗಳಿಗೆ ಸೇರಿಸಬೇಕು, ಇಲ್ಲದಿದ್ದರೆ ಕಾರ್ಡ್ ಇದ್ದೂ ಪ್ರೋಗ್ರಾಮಿಗೆ ಕಾಣುವುದಿಲ್ಲ.

ಒಂದು ವಾರ ಹೀಗೇ ಬಳಸಿ. ಮುಂದಿನ ಕರ್ನಲ್ ಅಪ್‌ಡೇಟ್ ಬರಲಿ, ರೀಬೂಟ್ ಆಗಲಿ. ಎನ್ವಿಡಿಯಾದವರು ವಿಶೇಷವಾಗಿ ಗಮನಿಸಿ, ಹೊಸ ಕರ್ನಲ್‌ಗೆ ಮಾಡ್ಯೂಲ್ ಮತ್ತೆ ಕಟ್ಟಿಕೊಂಡಿದೆಯೇ ಎಂಬುದು ಅವತ್ತೇ ತಿಳಿಯುವುದು. ಡಿಕೆಎಂಎಸ್‌ಗೆ ಕರ್ನಲ್‌ನ 'ಹೆಡರ್ಸ್' ಪ್ಯಾಕೇಜ್ ಸಿಗದಿದ್ದರೆ ಈ ಹಂತದಲ್ಲೇ ಪರದೆ ಹೋಗುತ್ತದೆ. 'ಎಲ್‌ಎಸ್‌ಪಿಸಿಐ ಹೈಫನ್ ಎನ್‌ಎನ್‌ಕೆ' ಮತ್ತೊಮ್ಮೆ ಕೊಟ್ಟು, 'ಇನ್ ಯೂಸ್' ಸಾಲಿನಲ್ಲಿ ಅದೇ ಹೆಸರು ಕಂಡರೆ, ಒರಗಿಸಿಟ್ಟ ಬಾಗಿಲನ್ನು ಸರಿಸಿ ಸ್ಕ್ರೂ ಬಿಗಿಯಿರಿ.